ಗಾಳಿಯಲ್ಲಿನ ಸೀಸ: ಅಳತೆ ಯಾರದು, ಉಸಿರು ಯಾರದು?

ಕವಿತೆ, ಕಥೆ, ವಿಮರ್ಶೆಗಳಿಗೆಂದು ಹುಟ್ಟಿಕೊಂಡ ಪತ್ರಿಕೆಯಲ್ಲಿ ಸೀಸದ ಬಗ್ಗೆ ಲೇಖನವೇ ಎಂದು ಹುಬ್ಬೇರಿಸುವ ಗೆಳೆಯರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹೊಸಗನ್ನಡ ಸಾಹಿತ್ಯ ಎಂದು ನಾವು ಎದೆಯುಬ್ಬಿಸಿ ಹೇಳಿಕೊಳ್ಳುವುದರ ಬಹುಪಾಲು ನಮ್ಮ ಕೈಗೆ ಬಂದದ್ದೇ ಸೀಸದ ಮೂಲಕ. ಅಚ್ಚಿನ ಮೊಳೆಗಳನ್ನು ಎರಕ ಹೊಯ್ಯುತ್ತಿದ್ದದ್ದು ಸೀಸ, ಆಂಟಿಮನಿ, ತವರ ಬೆರೆಸಿದ ಲೋಹದಿಂದ. ಕವಿಗೆ ಹಾರ ಹಾಕಿದೆವು, ಶಾಲು ಹೊದಿಸಿದೆವು. ಆದರೆ ದಿನವಿಡೀ ನಿಂತು ಮೊಳೆ ಜೋಡಿಸಿದ ಕಂಪೋಸಿಟರ್, ಸೀಸ ಹತ್ತಿದ ಕೈಯಲ್ಲೇ ಬುತ್ತಿ ಬಿಚ್ಚಿ ಉಂಡವನು, ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಎಲ್ಲಿದ್ದಾನೆ? ಇನ್ನು ಕಿವಿಗೆ ಕಾದ ಸೀಸ ಸುರಿಯಬೇಕೆಂಬ ಮಾತನ್ನು ನಮ್ಮ ಪ್ರತಿ ಚರ್ಚಾಕೂಟದಲ್ಲೂ ಒಬ್ಬರಲ್ಲ ಒಬ್ಬರು ಎತ್ತಿಯೇ ಎತ್ತುತ್ತೇವೆ. ಆ ಸೀಸ ಯಾರ ಕಿವಿಗೆ ಮೀಸಲಾಗಿತ್ತೆಂದು ಎಲ್ಲರಿಗೂ ಗೊತ್ತು. ಇವತ್ತು ಅದನ್ನು ಯಾರೂ ಕಿವಿಗೆ ಸುರಿಯುವುದಿಲ್ಲ. ಮೂಗಿನಿಂದ ಹೋಗುತ್ತದೆ, ಬಾಯಿಂದ ಹೋಗುತ್ತದೆ. ಆದರೆ ಹೋಗುವುದು ಮಾತ್ರ ಹೆಚ್ಚುಕಡಿಮೆ ಅದೇ ಜನರ ಮಕ್ಕಳ ಮೈಗೆ. ಆದ್ದರಿಂದ ಇದು ಸಾಹಿತ್ಯದವರಿಗೆ ಸಂಬಂಧಿಸಿದ ವಿಷಯವೇ.

ನಾನು ಎತ್ತಬೇಕೆಂದಿರುವ ಪ್ರಶ್ನೆ ಇಷ್ಟೇ. ಗಾಳಿಯಲ್ಲಿ ಸೀಸ ಎಷ್ಟಿರಬಹುದು ಅಂತ ಸರ್ಕಾರ ಒಂದು ಅಂಕಿ ಬರೆದಿಟ್ಟಿದೆ. ಆ ಅಂಕಿ ಎಲ್ಲಿಂದ ಬಂತು? ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು? ಅದನ್ನು ಎಲ್ಲಿ ನಿಂತು ಅಳೆಯುತ್ತಾರೆ? ನನ್ನ ಅಭಿಪ್ರಾಯದಲ್ಲಿ ಆ ಅಂಕಿ ಸಡಿಲ, ಅಳೆಯುವ ರೀತಿ ಇನ್ನೂ ಸಡಿಲ. ಸಡಿಲವಾದದ್ದನ್ನು ಬಿಗಿ ಮಾಡುವುದು ದೊಡ್ಡ ವಿಜ್ಞಾನವೇನಲ್ಲ, ಮನಸ್ಸಿನ ಪ್ರಶ್ನೆ. ಯಾಕೆ ಹಾಗೆ ಹೇಳುತ್ತೇನೆಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಸೀಸದ ಗುಣ. ದೇಹಕ್ಕೆ ಸೀಸದಿಂದ ಯಾವ ಉಪಯೋಗವೂ ಇಲ್ಲ. ಆದರೆ ದೇಹ ಅದನ್ನು ಸುಣ್ಣ, ಅಂದರೆ ಕ್ಯಾಲ್ಸಿಯಂ, ಎಂದು ತಪ್ಪು ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಅದರ ಅರ್ಧ ಪಾಲು ಒಂದು ತಿಂಗಳ ಆಸುಪಾಸಿನಲ್ಲಿ ಹೊರಟುಹೋದರೂ, ಮೂಳೆಗೆ ಸೇರಿದ್ದು ಹತ್ತಾರು ವರ್ಷ ಅಲ್ಲೇ ಬಿಡಾರ ಹೂಡುತ್ತದೆ. ಹೆಣ್ಣುಮಗಳು ಬಸುರಿಯಾದಾಗ ಮೂಳೆಯ ಸುಣ್ಣ ಕರಗುತ್ತದಲ್ಲ, ಆಗ ಅದರ ಜೊತೆ ಸೀಸವೂ ಹೊರಟು ಹೊಟ್ಟೆಯಲ್ಲಿರುವ ಕೂಸನ್ನು ಮುಟ್ಟುತ್ತದೆ. ತಾಯಿ ತನ್ನ ಬಾಲ್ಯದಲ್ಲಿ ಉಸಿರಾಡಿದ್ದು ಮಗುವಿನ ಪಾಲಿಗೆ ಬರುತ್ತದೆ ಎಂದಾಯಿತು. ದೊಡ್ಡವರಿಗಿಂತ ಮಕ್ಕಳು ತಾವು ನುಂಗಿದ ಸೀಸವನ್ನು ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೆಲದಲ್ಲಿ ಆಡುವವರು ಅವರೇ, ಕೈ ಬಾಯಿಗಿಡುವವರೂ ಅವರೇ. ಪೆಟ್ಟು ಬೀಳುವುದು ಬೆಳೆಯುತ್ತಿರುವ ಮಿದುಳಿಗೆ. ಮಗು ಸಾಯುವುದಿಲ್ಲ, ಜ್ವರ ಬರುವುದಿಲ್ಲ. ಕಲಿಯುವುದು ಒಂದಿಷ್ಟು ನಿಧಾನವಾಗುತ್ತದೆ, ಗಮನ ನಿಲ್ಲುವುದಿಲ್ಲ, ಸಿಡುಕು ಹೆಚ್ಚುತ್ತದೆ. ಮೇಷ್ಟ್ರು 'ದಡ್ಡ' ಅಂತಾರೆ, ಅಪ್ಪ ನಾಲ್ಕು ಬಾರಿಸುತ್ತಾನೆ. ಸೀಸದ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಇನ್ನು ಇದು ಗಾಳಿಗೆ ಬಂದ ಕಥೆ. ೧೯೨೧ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯಲ್ಲಿದ್ದ ಥಾಮಸ್ ಮಿಡ್‌ಗ್ಲಿ ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತ ಬೆರೆಸಿದರೆ ಇಂಜಿನ್ನಿನ ಬಡಿತ ನಿಲ್ಲುತ್ತದೆಂದು ಕಂಡುಹಿಡಿದ. ೧೯೨೩ರಲ್ಲಿ ಮಾರಾಟ ಶುರುವಾಯಿತು. ಮರುವರ್ಷವೇ ನ್ಯೂಜೆರ್ಸಿಯ ಒಂದು ಕಾರ್ಖಾನೆಯಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕೂಲಿಗಳು ಹುಚ್ಚು ಹಿಡಿದವರಂತೆ ಒದ್ದಾಡಿ ಸತ್ತರು. ಆದರೂ ವ್ಯಾಪಾರ ನಿಲ್ಲಲಿಲ್ಲ. ಉದ್ಯಮದ ಹಣದಲ್ಲಿ ಸಂಶೋಧನೆ ನಡೆಸುತ್ತಿದ್ದ ರಾಬರ್ಟ್ ಕೆಹೋ ಎಂಬ ವೈದ್ಯರು, ಸೀಸ ಪ್ರಕೃತಿಯಲ್ಲೇ ಇದೆ, ಇಂತಿಷ್ಟರವರೆಗೆ ಏನೂ ಅಪಾಯವಿಲ್ಲ ಎಂದು ದಶಕಗಟ್ಟಲೆ ಸಾರಿಕೊಂಡು ಬಂದರು.

ಆ ಮಾತಿನ ಬುಡ ಅಲುಗಿಸಿದವನು ಸೀಸದ ವೈದ್ಯನೇ ಅಲ್ಲ. ಭೂಮಿಯ ವಯಸ್ಸು ಎಷ್ಟೆಂದು ಲೆಕ್ಕ ಹಾಕುತ್ತಿದ್ದ ಕ್ಲೇರ್ ಪ್ಯಾಟರ್ಸನ್. ಕಲ್ಲಿನೊಳಗಿನ ಸೀಸ ಅಳೆಯಲು ಕೂತರೆ ಎಲ್ಲಿ ನೋಡಿದರೂ ಹೊರಗಿನ ಸೀಸ ಬಂದು ಲೆಕ್ಕ ಕೆಡಿಸುತ್ತಿತ್ತು. ಇದು ಎಲ್ಲಿಂದ ಬರುತ್ತಿದೆ ಎಂದು ಬೆನ್ನು ಹತ್ತಿದವನು, ೧೯೬೫ರಲ್ಲಿ, ನಾವು 'ಸಹಜ' ಎನ್ನುತ್ತಿರುವ ಸೀಸ ಸಹಜವೇ ಅಲ್ಲ, ಮನುಷ್ಯನೇ ಎರಚಿದ್ದು ಎಂದು ಬರೆದ. ೧೯೭೯ರಲ್ಲಿ ಹರ್ಬರ್ಟ್ ನೀಡ್ಲ್‌ಮನ್ ಎಂಬ ವೈದ್ಯರು ಬಾಸ್ಟನ್ ಹತ್ತಿರದ ಶಾಲೆಗಳ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಕೂಡಿಸಿ, ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳು ಬುದ್ಧಿಯ ಪರೀಕ್ಷೆಯಲ್ಲೂ ತರಗತಿಯ ಗಮನದಲ್ಲೂ ಹಿಂದಿದ್ದಾರೆಂದು ತೋರಿಸಿದರು. ಇಬ್ಬರನ್ನೂ ಉದ್ಯಮ ಸುಮ್ಮನೆ ಬಿಡಲಿಲ್ಲ. ಸ್ಥಾಪಿತ ಹಿತಾಸಕ್ತಿ ಅಂದರೆ ಏನು ಅಂತ ಕೇಳುವವರು ಈ ಕಥೆ ಓದಬೇಕು.

'ಸುರಕ್ಷಿತ' ಎನ್ನುವ ಅಂಕಿ ಹೇಗೆ ಜಾರುತ್ತಾ ಬಂತು ನೋಡಿ. ಅಮೆರಿಕದಲ್ಲಿ ೧೯೬೦ರ ದಶಕದಲ್ಲಿ ಮಗುವಿನ ನೂರು ಮಿಲಿಲೀಟರ್ ರಕ್ತದಲ್ಲಿ ೬೦ ಮೈಕ್ರೋಗ್ರಾಂ ಸೀಸ ಇದ್ದರೆ ಮಾತ್ರ ಚಿಂತೆ ಎನ್ನುತ್ತಿದ್ದರು. ೧೯೭೦ರ ದಶಕದಲ್ಲಿ ಅದು ಮೊದಲು ೪೦, ಆಮೇಲೆ ೩೦ ಆಯಿತು. ೧೯೮೫ರಲ್ಲಿ ೨೫, ೧೯೯೧ರಲ್ಲಿ ೧೦, ೨೦೧೨ರಲ್ಲಿ ೫, ೨೦೨೧ರಲ್ಲಿ ೩.೫. ಮಕ್ಕಳ ದೇಹ ಬದಲಾಗಲಿಲ್ಲ ಸ್ವಾಮಿ, ನಮ್ಮ ಕಣ್ಣು ತೆರೆಯಿತು. ಇಷ್ಟಿದ್ದರೆ ಏನೂ ಆಗದು ಎನ್ನುವ ಮಟ್ಟ ಯಾವುದೂ ಗೊತ್ತಿಲ್ಲ ಎಂಬುದೇ ಇವತ್ತಿನ ವಿಶ್ವ ಆರೋಗ್ಯ ಸಂಸ್ಥೆಯ ಮಾತು.

ಈಗ ಗಾಳಿಯ ಅಂಕಿಗೆ ಬರೋಣ. ಇದು ಆಕಾಶದಿಂದ ಉದುರಿದ್ದಲ್ಲ, ಲೆಕ್ಕ ಹಾಕಿ ಮಾಡಿದ್ದು. ೧೯೭೮ರಲ್ಲಿ ಅಮೆರಿಕದ ಪರಿಸರ ಇಲಾಖೆ ಗಾಳಿಯ ಸೀಸಕ್ಕೆ ಮೊದಲ ಸಲ ಮಿತಿ ಹಾಕಿದಾಗ ಲೆಕ್ಕ ಹೀಗಿತ್ತು. ಸಾವಿರಕ್ಕೆ ೯೯೫ ಮಕ್ಕಳ ರಕ್ತದ ಸೀಸ ೩೦ರ ಒಳಗಿರಬೇಕು. ಹಾಗಾಗಬೇಕಾದರೆ ಎಲ್ಲ ಮಕ್ಕಳ ಸರಾಸರಿ ೧೫ ದಾಟಬಾರದು. ಆ ೧೫ರಲ್ಲಿ ೧೨ ಊಟ, ನೀರು, ಬಣ್ಣ ಮುಂತಾದ ಬೇರೆ ದಾರಿಗಳಿಂದ ಬರುತ್ತದೆ. ಗಾಳಿಯ ಪಾಲಿಗೆ ಉಳಿದದ್ದು ೩. ಗಾಳಿಯಲ್ಲಿ ೧ ಏರಿದರೆ ರಕ್ತದಲ್ಲಿ ೨ ಏರುತ್ತದೆ. ಆದ್ದರಿಂದ ಗಾಳಿಯಲ್ಲಿ ೧.೫ ಇರಬಹುದು. ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಒಂದೂವರೆ ಮೈಕ್ರೋಗ್ರಾಂ, ಮೂರು ತಿಂಗಳ ಸರಾಸರಿ. (ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲೇ ಒಂದು ಮೈಕ್ರೋಗ್ರಾಂ.)

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ, ನಮ್ಮ ಗೆಳೆಯರು ಅದನ್ನು ಗಮನಿಸಬೇಕು. ಬೇರೆ ದಾರಿಯಿಂದ ಬರುವ ಸೀಸ ಹೆಚ್ಚಾದಷ್ಟೂ ಗಾಳಿಗೆ ಬಿಟ್ಟುಕೊಡುವ ಪಾಲು ಕಡಿಮೆಯಾಗಬೇಕು. ಮಗುವಿನ ದೇಹ ದುರ್ಬಲವಾದಷ್ಟೂ ಮಿತಿ ಬಿಗಿಯಾಗಬೇಕು. ಲೆಕ್ಕದ ಈ ನ್ಯಾಯವನ್ನು ನಮ್ಮ ದೇಶಕ್ಕೆ ಹಚ್ಚಿ ನೋಡಿದರೆ ಏನಾಗುತ್ತದೆಂದು ಮುಂದೆ ಹೇಳುತ್ತೇನೆ.

೧೯೭೬ರಿಂದ ೧೯೮೦ರ ನಡುವೆ ಅಮೆರಿಕದಲ್ಲಿ ಪೆಟ್ರೋಲಿನ ಸೀಸ ಇಳಿಯುತ್ತಾ ಹೋದಂತೆ ಜನರ ರಕ್ತದ ಸೀಸವೂ ಮೂರನೇ ಒಂದು ಪಾಲಿಗಿಂತ ಹೆಚ್ಚು ಇಳಿಯಿತು. ಎರಡು ಗೆರೆಗಳೂ ಕೈ ಕೈ ಹಿಡಿದುಕೊಂಡು ಇಳಿದವು. ಆದರೆ ೧.೫ ಎಂಬ ಅಂಕಿ ಮಾತ್ರ ಮೂವತ್ತು ವರ್ಷ ಹಾಗೇ ಕೂತಿತ್ತು. ಪ್ರತಿ ಐದು ವರ್ಷಕ್ಕೊಮ್ಮೆ ಮರುಪರಿಶೀಲನೆ ಆಗಬೇಕೆಂದು ಅಲ್ಲಿನ ಕಾನೂನಿನಲ್ಲೇ ಇದ್ದರೂ ಇಲಾಖೆ ಮಲಗಿತ್ತು. ಮಿಸೌರಿ ರಾಜ್ಯದ ಹರ್ಕ್ಯುಲೇನಿಯಂ ಎಂಬ ಸಣ್ಣ ಊರಿನಲ್ಲಿ ಸೀಸ ಕರಗಿಸುವ ದೊಡ್ಡ ಕಾರ್ಖಾನೆ ಇತ್ತು. ೨೦೦೪ರಲ್ಲಿ ಆ ರಾಜ್ಯದ ಪರಿಸರ ಸಂಘಟನೆಯೊಂದು ಕೋರ್ಟಿಗೆ ಹೋಗಿ ಇಲಾಖೆಯನ್ನು ಎಬ್ಬಿಸಿತು. ೨೦೦೮ರಲ್ಲಿ ಮಿತಿ ೧.೫ರಿಂದ ೦.೧೫ಕ್ಕೆ ಇಳಿಯಿತು. ಹತ್ತನೇ ಒಂದು ಪಾಲು! ೨೦೧೩ರ ಕೊನೆಗೆ ಆ ಕಾರ್ಖಾನೆ ಬಾಗಿಲು ಹಾಕಿತು. ಊರಿನವರು ಕೇಳಿದರೆ ಅಂಕಿ ಬದಲಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಇನ್ನು ನಮ್ಮ ಮನೆಯ ಕಥೆ. ೧೯೭೨ರ ಸ್ಟಾಕ್‌ಹೋಂ ಸಮ್ಮೇಳನದ ಬೆನ್ನಿಗೆ ನಮ್ಮಲ್ಲಿ ೧೯೮೧ರಲ್ಲಿ ವಾಯು ಕಾಯಿದೆ ಬಂತು. ಗಾಳಿಯ ಗುಣಮಟ್ಟ ನಿಗದಿ ಮಾಡುವ ಕೆಲಸ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪಾಲಿಗೆ ಬಂತು. ೧೯೯೪ರ ಪಟ್ಟಿಯಲ್ಲಿ ಸೀಸಕ್ಕೆ ಮೂರು ಮಿತಿಗಳಿದ್ದವು: ಕೈಗಾರಿಕಾ ಪ್ರದೇಶಕ್ಕೆ ವರ್ಷದ ಸರಾಸರಿ ೧.೦, ವಸತಿ ಪ್ರದೇಶಕ್ಕೆ ೦.೭೫, ಗಿರಿಧಾಮ, ರಾಷ್ಟ್ರೀಯ ಉದ್ಯಾನ, ಸ್ಮಾರಕಗಳಂಥ 'ಸೂಕ್ಷ್ಮ' ಪ್ರದೇಶಕ್ಕೆ ೦.೫. ಇದರರ್ಥ ಏನಪ್ಪಾ ಅಂದರೆ, ಅಮೃತಶಿಲೆ ಸೂಕ್ಷ್ಮ, ಕಾರ್ಖಾನೆ ಪಕ್ಕದ ಜೋಪಡಿಯ ಕೂಸು ಗಟ್ಟಿ! ಪುಣ್ಯಕ್ಕೆ ೨೦೦೯ರ ನವೆಂಬರಿನಲ್ಲಿ ಬಂದ ಹೊಸ ಪಟ್ಟಿ ಈ ವರ್ಣಾಶ್ರಮವನ್ನು ತೆಗೆದುಹಾಕಿತು. ಎಲ್ಲರಿಗೂ ಒಂದೇ ಮಿತಿ: ವರ್ಷದ ಸರಾಸರಿ ೦.೫, ಒಂದು ದಿನದ ಸರಾಸರಿ ೧.೦. ಇದನ್ನು ಮೆಚ್ಚಲೇಬೇಕು. ಆದರೆ ಅದಕ್ಕೆ ಒಂದು ವರ್ಷ ಮೊದಲೇ ಅಮೆರಿಕ ೦.೧೫ಕ್ಕೆ ಇಳಿದಿತ್ತೆಂಬುದನ್ನೂ ನೆನಪಿಡಬೇಕು. ೨೦೦೯ರಿಂದ ಈಚೆಗೆ ಆ ಅಂಕಿ ಕದಲಿಲ್ಲ. ಇಷ್ಟು ವರ್ಷಕ್ಕೊಮ್ಮೆ ಮರುಪರಿಶೀಲಿಸಲೇಬೇಕು ಎಂಬ ಕಟ್ಟಳೆಯೂ ನಮ್ಮ ಕಾಯಿದೆಯಲ್ಲಿಲ್ಲ.

ಪೆಟ್ರೋಲಿನ ವಿಷಯದಲ್ಲಿ ನಾವು ಗೆದ್ದಿದ್ದೇವೆ, ಅದನ್ನು ಹೇಳದಿದ್ದರೆ ಅನ್ಯಾಯ. ವಕೀಲ ಎಂ. ಸಿ. ಮೆಹ್ತಾ ೧೯೮೫ರಲ್ಲಿ ಹೂಡಿದ ಮೊಕದ್ದಮೆಯ ಜಾಡಿನಲ್ಲಿ, ಸುಪ್ರೀಂ ಕೋರ್ಟಿನ ಒತ್ತಡದಿಂದ, ೧೯೯೪ರಲ್ಲಿ ನಾಲ್ಕು ಮಹಾನಗರಗಳಿಗೆ ಸೀಸ ಕಡಿಮೆ ಮಾಡಿದ ಪೆಟ್ರೋಲ್ ಬಂತು. ೧೯೯೫ರ ಏಪ್ರಿಲಿನಿಂದ ಹೊಸ ಕಾರುಗಳಿಗೆ ಸೀಸರಹಿತ ಪೆಟ್ರೋಲ್ ಸಿಗತೊಡಗಿತು. ದೆಹಲಿಯಲ್ಲಿ ೧೯೯೮ರ ಸೆಪ್ಟೆಂಬರಿನಿಂದ ಸೀಸದ ಪೆಟ್ರೋಲ್ ಪೂರ್ತಿ ನಿಂತಿತು. ೨೦೦೦ದ ಫೆಬ್ರವರಿಯಿಂದ ದೇಶಕ್ಕೆಲ್ಲ ಇದೇ ನಿಯಮ. ಈ ಕಥೆಯಲ್ಲಿ ಕನ್ನಡನಾಡಿಗೂ ಒಂದು ಪಾಲಿದೆ. ೧೯೯೯ರಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಜಾರ್ಜ್ ಫೌಂಡೇಶನ್ ನಡೆಸಿದ ರಕ್ತಪರೀಕ್ಷೆಯಲ್ಲಿ, ಬೆಂಗಳೂರು ದೆಹಲಿಗಳೂ ಸೇರಿದಂತೆ ಏಳು ನಗರಗಳ ೧೨ ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ೧೦ ಮೈಕ್ರೋಗ್ರಾಂ ಮೀರಿ ಸೀಸ ಇದ್ದದ್ದು ಬಯಲಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಈ ಒಂದು ಲೋಹದ ಬೆನ್ನು ಹತ್ತಿ ದಶಕಗಳನ್ನೇ ಸವೆಸಿದವರು. ಜ್ಞಾನಪೀಠಗಳನ್ನು ಎಣಿಸುವಾಗ ಇಂಥವರನ್ನೂ ನಾವು ನೆನೆಯುವುದು ಒಳ್ಳೆಯದು.

'ಹಾಗಾದರೆ ಮುಗಿಯಿತಲ್ಲ, ಪೆಟ್ರೋಲಿನಿಂದ ಸೀಸ ಹೋಯಿತು' ಎನ್ನುವವರು ಮುಖರ್ಜಿ ನಗರದ ಬತ್ರಾ ಚೌಕದಲ್ಲಿ ಐದು ನಿಮಿಷ ನಿಂತು ನೋಡಲಿ. ಜಿ.ಟಿ.ಬಿ. ನಗರ ಮೆಟ್ರೋದಿಂದ ಇಲ್ಲಿಗೆ, ಇಲ್ಲಿಂದ ಗಾಂಧಿ ವಿಹಾರ, ನೆಹರು ವಿಹಾರಗಳಿಗೆ ಇರುವೆಸಾಲಿನಂತೆ ಹರಿಯುವ ಇ-ರಿಕ್ಷಾಗಳು. ನಾವೆಲ್ಲ ಹತ್ತು ರೂಪಾಯಿ ಇಪ್ಪತ್ತು ರೂಪಾಯಿ ಕೊಟ್ಟು ಕೂತು ಬರುವವರೇ. ಹೊಗೆ ಇಲ್ಲ, ಸದ್ದಿಲ್ಲ, ಬಡವನ ಹೊಟ್ಟೆಪಾಡು. ಎಲ್ಲ ನಿಜ. ಆದರೆ ಇವುಗಳಲ್ಲಿ ಬಹಳಷ್ಟರ ಸೀಟಿನ ಕೆಳಗೆ ಇರುವುದು ಸೀಸದ ಬ್ಯಾಟರಿ, ಸಾಮಾನ್ಯವಾಗಿ ನಾಲ್ಕು. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ದಿನವಿಡೀ ದುಡಿಯುವ ಈ ಬ್ಯಾಟರಿ ಒಂದು ವರ್ಷ ಬಾಳಿದರೆ ಹೆಚ್ಚು. ನಮ್ಮ ಪಿ.ಜಿ. ರೂಮುಗಳ, ಕೋಚಿಂಗ್ ಕಟ್ಟಡಗಳ ಇನ್ವರ್ಟರುಗಳದ್ದೂ ಇದೇ ಜಾತಿ. ಜಗತ್ತು ಬಳಸುವ ಸೀಸದಲ್ಲಿ ನೂರಕ್ಕೆ ೮೫ರಷ್ಟು ಇವತ್ತು ಬ್ಯಾಟರಿಗೇ ಹೋಗುತ್ತದೆ.

ಸತ್ತ ಬ್ಯಾಟರಿ ಎಲ್ಲಿಗೆ ಹೋಗುತ್ತದೆ? ಗುಜರಿಯವನ ಬಳಿಗೆ. ಇಲ್ಲಿನವರು ಕಬಾಡಿ ಅಂತಾರೆ. ಅಲ್ಲಿಂದ ಒಂದು ಪಾಲು ಚಿಮಣಿ, ಸೋಸುಯಂತ್ರ ಎಲ್ಲ ಇರುವ ಕಾರ್ಖಾನೆಗೆ ಹೋಗುತ್ತದೆ. ಇನ್ನೊಂದು ಪಾಲು ಹಿತ್ತಲ ಭಟ್ಟಿಗೆ ಹೋಗುತ್ತದೆ. ಸೀಸ ೩೨೭ ಡಿಗ್ರಿಗೇ ಕರಗುವ ಲೋಹ, ಸೌದೆ ಇದ್ದಿಲ ಒಲೆ ಸಾಕು. ಕೊಡಲಿಯಲ್ಲಿ ಬ್ಯಾಟರಿ ಒಡೆಯುತ್ತಾರೆ, ಆಮ್ಲ ಚರಂಡಿಗೆ, ಫಲಕ ಒಲೆಗೆ, ಹೊಗೆ ಗಾಳಿಗೆ. ಆ ಹೊಗೆಯ ಸೀಸ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಮಣ್ಣಿನ ಮೇಲೆ ಕೂರುತ್ತದೆ, ಬೇಸಗೆಯ ಗಾಳಿಗೆ ಮತ್ತೆ ಏಳುತ್ತದೆ. ಆಫ್ರಿಕದ ಸೆನೆಗಲ್ ದೇಶದ ಡಾಕಾರ್ ನಗರದ ಒಂದು ಬಡಾವಣೆಯಲ್ಲಿ ೨೦೦೭-೦೮ರಲ್ಲಿ ಹೀಗೆ ಬ್ಯಾಟರಿ ಒಡೆಯುತ್ತಿದ್ದ ಜಾಗದ ಹದಿನೆಂಟು ಮಕ್ಕಳು ಕೆಲವೇ ತಿಂಗಳಲ್ಲಿ ಸತ್ತರು.

ಇದರ ಜೊತೆಗೆ ನಮಗೆ ಹತ್ತಿರದ ಭಲಸ್ವಾ ಕಸದ ಬೆಟ್ಟ. ೨೦೨೨ರ ಏಪ್ರಿಲಿನಲ್ಲಿ ಅದು ಹೊತ್ತಿಕೊಂಡು ದಿನಗಟ್ಟಲೆ ಉರಿಯಿತು. ಬಣ್ಣ ಬಳಿದ ಮರ, ತಂತಿ, ಸರ್ಕ್ಯೂಟು, ಬ್ಯಾಟರಿ ಎಲ್ಲ ಸೇರಿದ ನಗರದ ಕಸ ಉರಿದಾಗ ಹೊಗೆಯಲ್ಲಿ ಬರೀ ಇಂಗಾಲ ಇರುವುದಿಲ್ಲ. ದೀಪಾವಳಿಯ ಪಟಾಕಿಯಲ್ಲಿ ಸೀಸ ಇರಕೂಡದೆಂದು ೨೦೧೭ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಈಗ ಅಳತೆಯ ವಿಚಾರ. ಬುರಾಡಿ ಕ್ರಾಸಿಂಗ್, ನಾರ್ತ್ ಕ್ಯಾಂಪಸ್, ಜಹಾಂಗೀರ್‌ಪುರಿಗಳಲ್ಲಿ ಗಾಳಿ ಅಳೆಯುವ ಯಂತ್ರಗಳಿವೆ. ಗಂಟೆಗೊಮ್ಮೆ ಅಂಕಿ ಬರುತ್ತದೆ, ನಾವೆಲ್ಲ ಮೊಬೈಲಿನಲ್ಲಿ ನೋಡಿ 'ಅಯ್ಯೋ ನಾನೂರು ದಾಟಿತಲ್ಲ' ಅಂತೇವೆ. ಆದರೆ ಆ ನಾನೂರರಲ್ಲಿ ಸೀಸ ಇಲ್ಲ. ೨೦೧೪ರಲ್ಲಿ ಶುರುವಾದ ವಾಯು ಗುಣಮಟ್ಟ ಸೂಚ್ಯಂಕದ ಎಂಟು ಮಾಲಿನ್ಯಕಾರಕಗಳಲ್ಲಿ ಸೀಸವೂ ಒಂದು ಎಂಬುದು ಇಲ್ಲಿನ ಪ್ರತಿಯೊಬ್ಬ ಐ.ಎ.ಎಸ್. ಆಕಾಂಕ್ಷಿಗೂ ಬಾಯಿಪಾಠ. ೨೦೧೬ರ ಪ್ರಿಲಿಮ್ಸ್‌ನಲ್ಲಿ ಈ ಸೂಚ್ಯಂಕದ ಬಗ್ಗೆ ಪ್ರಶ್ನೆಯೂ ಬಂದಿತ್ತು. ಆದರೆ ಸೀಸವನ್ನು ಯಂತ್ರ ತಾನೇ ತಕ್ಷಣ ಹೇಳಲಾರದು. ಶೋಧಕ ಕಾಗದದ ಮೇಲೆ ಇಪ್ಪತ್ನಾಲ್ಕು ಗಂಟೆ ಧೂಳು ಹಿಡಿದು, ಪ್ರಯೋಗಾಲಯಕ್ಕೆ ಒಯ್ದು, ಅಲ್ಲಿ ಪರೀಕ್ಷೆ ಮಾಡಬೇಕು. ಹೀಗಾಗಿ ದಿನದ ಸೂಚ್ಯಂಕದಲ್ಲಿ ಅದು ಹೆಸರಿಗೆ ಮಾತ್ರ. ಪರೀಕ್ಷೆಗೆ ಉತ್ತರವಾಗಿ ಸೀಸ ಉಂಟು, ಬೀದಿಯ ಫಲಕದಲ್ಲಿ ಇಲ್ಲ. ಇನ್ನೂ ತಮಾಷೆಯೆಂದರೆ, ಆ ಸೂಚ್ಯಂಕದ ಕೋಷ್ಟಕದ ಪ್ರಕಾರ ದಿನಕ್ಕೆ ೧.೦ರವರೆಗೆ ಸೀಸವಿದ್ದರೂ ಗಾಳಿ 'ತೃಪ್ತಿಕರ'.

ನಿಯಮದ ಪ್ರಕಾರ ವರ್ಷಕ್ಕೆ ಕನಿಷ್ಠ ೧೦೪ ಸಲ, ವಾರಕ್ಕೆರಡು ದಿನದಂತೆ, ಅಳೆದರೆ ಸಾಕು. ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಒಂದು ಬಸ್ತಿಯ ಪಕ್ಕದಲ್ಲಿ ಭಟ್ಟಿ ಮೂರು ತಿಂಗಳು ಉರಿಯುತ್ತದೆ, ಆಗ ಗಾಳಿಯಲ್ಲಿ ಸೀಸ ೦.೯. ಉಳಿದ ಒಂಬತ್ತು ತಿಂಗಳು ೦.೧. ಯಾವ ದಿನವೂ ೧.೦ ದಾಟಲಿಲ್ಲ, ಆದ್ದರಿಂದ ದಿನದ ಮಿತಿ ಪಾಸು. ವರ್ಷದ ಸರಾಸರಿ ೦.೩, ಅದೂ ಪಾಸು. ನಮ್ಮ ಕಾಗದದಲ್ಲಿ ಆ ಬಸ್ತಿ ಶುದ್ಧ. ಆದರೆ ಮೂರು ತಿಂಗಳ ಲೆಕ್ಕದ ೦.೧೫ರ ಮಿತಿಯಿಂದ ನೋಡಿದರೆ ಅದೇ ಬಸ್ತಿ ಆರು ಪಟ್ಟು ಮೀರಿದೆ. ಮೂರು ತಿಂಗಳೆಂದರೆ ಕೂಸಿನ ಪಾಲಿಗೆ ಕಡಿಮೆ ಕಾಲವಲ್ಲ. ವರ್ಷದ ಸರಾಸರಿ ಎಂಬುದು ಮಂತ್ರಿಗೆ ಅನುಕೂಲ, ಕೂಸಿಗಲ್ಲ.

ಹಿಂದೆ ಹೇಳಿದ ಲೆಕ್ಕದ ನ್ಯಾಯವನ್ನು ಈಗ ಹಚ್ಚಿ ನೋಡಿ. ದೇಹದಲ್ಲಿ ಕಬ್ಬಿಣ, ಸುಣ್ಣ ಕಡಿಮೆಯಿದ್ದರೆ ಸೀಸ ಇನ್ನಷ್ಟು ಒಳನುಗ್ಗುತ್ತದೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ೬೭ ಮಕ್ಕಳಿಗೆ ರಕ್ತಹೀನತೆ. ಊಟದಲ್ಲಿ, ಕಲಬೆರಕೆ ಅರಿಶಿನದಲ್ಲಿ, ಹಳೆಯ ಗೋಡೆಬಣ್ಣದಲ್ಲಿ ಬೇರೆ ದಾರಿಯ ಸೀಸವೂ ನಮ್ಮಲ್ಲಿ ಹೆಚ್ಚು. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ೨೦೨೦ರಲ್ಲಿ ಹೊರತಂದ ವರದಿಯ ಅಂದಾಜಿನಂತೆ ರಕ್ತದಲ್ಲಿ ೫ ಮೈಕ್ರೋಗ್ರಾಂ ಮೀರಿದ ಮಕ್ಕಳು ಭಾರತದಲ್ಲಿ ಸುಮಾರು ೨೭ ಕೋಟಿ ೫೦ ಲಕ್ಷ. ಹೀಗಿರುವಾಗ ನಮ್ಮ ಮಿತಿ ಅಮೆರಿಕದ್ದಕ್ಕಿಂತ ಬಿಗಿಯಾಗಿರಬೇಕಿತ್ತು. ಇರುವುದು ಮೂರು ಪಟ್ಟಿಗಿಂತ ಹೆಚ್ಚು ಸಡಿಲ. ಹಾಲು ಕುಡಿದ ಮಗುವಿಗೆ ಬಿಗಿ ಕಾನೂನು, ಗಂಜಿಯೂ ಸಿಗದ ಮಗುವಿಗೆ ಸಡಿಲ ಕಾನೂನು. ಯಾವ ನ್ಯಾಯ?

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು. ನಮ್ಮ ಬಳಗದ ಚರ್ಚೆಯಲ್ಲೇ ಕೇಳಿದ್ದೇನೆ.

ಒಂದನೆಯದು: 'ದೆಹಲಿಯಲ್ಲಿ ಧೂಳಿನ ಕಣಗಳೇ ಕೊಲ್ಲುತ್ತಿವೆ, ಸೀಸ ಚಿಲ್ಲರೆ ವಿಷಯ.' ಧೂಳು ಕೊಲ್ಲುತ್ತಿದೆ ಎಂಬುದು ನಿಜ. ೨೦೧೯ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವೂ ಧೂಳಿನ ಕಣಗಳನ್ನೇ ಗುರಿಯಾಗಿಟ್ಟುಕೊಂಡಿದೆ. ಆದರೆ ಧೂಳಿನ ತೂಕ ಇಳಿದರೆ ಸೀಸವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆಂಬ ಖಾತ್ರಿ ಇಲ್ಲ. ರಸ್ತೆಗೆ ನೀರು ಚಿಮುಕಿಸಿದರೆ ಭಟ್ಟಿ ಆರುವುದಿಲ್ಲ. ಸೀಸದ ಹಾನಿ ನಗರದ ಸರಾಸರಿಯಲ್ಲಿ ಕಾಣುವಂಥದ್ದಲ್ಲ, ಒಂದು ಗಲ್ಲಿಯಲ್ಲಿ, ಒಂದು ಬಸ್ತಿಯಲ್ಲಿ ಮಡುಗಟ್ಟುವಂಥದ್ದು. ಚಿಲ್ಲರೆ ಎಂದು ಕಾಣುವುದು ನಾವು ಆ ಗಲ್ಲಿಯಲ್ಲಿ ಇಲ್ಲದ್ದರಿಂದ.

ಎರಡನೆಯದು ನಮ್ಮ ಎಡಪಂಥೀಯ ಗೆಳೆಯರದು: 'ಪರಿಸರದ ಹೆಸರಿನಲ್ಲಿ ಕೊನೆಗೆ ಹೊಡೆತ ಬೀಳುವುದು ಬಡವನ ಹೊಟ್ಟೆಗೆ.' ಈ ಮಾತನ್ನು ನಾನು ಹಗುರಾಗಿ ತಳ್ಳಿಹಾಕಲಾರೆ. ೧೯೯೬ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ೧೬೮ ಅಪಾಯಕಾರಿ ಕಾರ್ಖಾನೆಗಳನ್ನು ಮುಚ್ಚಿಸಿ ಹೊರಗೆ ಕಳಿಸಲು ಹೇಳಿತು. ಹೀಗೆ ಗಡಿಯಾಚೆ ತಳ್ಳಿದ ಮಾತ್ರಕ್ಕೆ ಯಾವ ಕೆಲಸವೂ ಮಾಯವಾಗುವುದಿಲ್ಲ, ಕಣ್ಣಿಗೆ ಮರೆಯಾಗುತ್ತದೆ ಅಷ್ಟೆ. ಆದರೆ ಒಂದು ಪ್ರಶ್ನೆ: ಭಟ್ಟಿಯ ಹೊಗೆಯನ್ನು ಮೊದಲು ಕುಡಿಯುವವನು ಯಾರು? ಬ್ಯಾಟರಿ ಒಡೆಯುವ ಕೂಲಿ. ಆಮೇಲೆ? ಅವನ ಅಂಗಿಯ ಧೂಳಿನ ಜೊತೆ ಮಲಗುವ ಅವನದೇ ಮಕ್ಕಳು. ಹೊಟ್ಟೆಪಾಡಿನ ಹೆಸರಿನಲ್ಲಿ ಅವನ ಮಗುವಿನ ಮಿದುಳನ್ನು ಒತ್ತೆಯಿಡಿ ಎನ್ನುವುದು ಬಡವರ ಪರವಾದ ರಾಜಕೀಯ ಹೇಗಾಗುತ್ತದೆ? ಲಾಭ ಹೋಗುವುದು ಬ್ಯಾಟರಿ ಕಂಪನಿಗೆ, ಖರ್ಚೂ ಅವರೇ ಹೊರಲಿ. ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳು ಮಾರಿದ ಬ್ಯಾಟರಿಯನ್ನು ವಾಪಸು ಪಡೆಯುವ ಹೊಣೆಯನ್ನು ತಯಾರಕರ ಮೇಲೇ ಹೊರಿಸಿವೆ. ಭಟ್ಟಿಯ ಕೂಲಿಗೆ ಸುರಕ್ಷಿತ ಶೆಡ್ಡಿನಲ್ಲಿ ಅದೇ ಕೆಲಸ, ಒಳ್ಳೆಯ ಕೂಲಿ ಕೊಡಲಿ ಎಂದು ಕೇಳುವುದು ನಮ್ಮ ಘೋಷಣೆಯಾಗಬೇಕು.

ಮೂರನೆಯದು: 'ಇರುವ ನಿಯಮವನ್ನೇ ಪಾಲಿಸದ ದೇಶದಲ್ಲಿ ಬಿಗಿ ನಿಯಮ ಬರೆದು ಏನು ಪ್ರಯೋಜನ?' ಸಿನಿಕರ ಮಾತು, ಆದರೆ ಉತ್ತರಿಸಬೇಕಾದ್ದು. ನಿಯಮ ತಾನಾಗಿ ಗಾಳಿ ತೊಳೆಯುವುದಿಲ್ಲ, ಒಪ್ಪಿದೆ. ಆದರೆ ನಿಯಮದ ಅಂಕಿ ಇಲ್ಲದಿದ್ದರೆ ಕೋರ್ಟಿನಲ್ಲಿ ನಿಂತು ಕೇಳಲು ಬಸ್ತಿಯವನ ಕೈಯಲ್ಲಿ ಏನಿರುತ್ತದೆ? ಅಂಕಿ ಅವನ ಕೈಯ ಕೋಲು. ಸಡಿಲ ಅಂಕಿ ಅಂದರೆ ಮುರಿದ ಕೋಲು. ಅದನ್ನು ತೋರಿಸಿಯೇ ಎದುರಿನವನು 'ನೋಡಿ, ಎಲ್ಲ ಮಿತಿಯೊಳಗೇ ಇದೆ' ಎಂದು ಗೆಲ್ಲುತ್ತಾನೆ. ಪೆಟ್ರೋಲಿನ ಸೀಸ ಹೋದದ್ದೂ ಕಾಗದದ ಮೇಲಿನ ಒಂದು ಅಂಕಿಯಿಂದಲೇ.

ಹಾಗಾದರೆ ಆಗಬೇಕಾದ್ದೇನು? ಘೋಷಣೆ ಬೇಡ, ಪಟ್ಟಿ ಕೊಡುತ್ತೇನೆ. ವರ್ಷದ ಸರಾಸರಿಯ ಜೊತೆ ಮೂರು ತಿಂಗಳ ಸರಾಸರಿಯ ಮಿತಿಯೂ ಬರಲಿ, ಅದು ೦.೧೫ ಮೀರದಿರಲಿ. ಐದು ವರ್ಷಕ್ಕೊಮ್ಮೆ ಮರುಪರಿಶೀಲನೆ ಕಡ್ಡಾಯವೆಂದು ವಾಯು ಕಾಯಿದೆಯಲ್ಲೇ ಬರೆಯಲಿ. ಮಿತಿ ಮೀರಿದ ಪ್ರದೇಶ ಇಂತಿಷ್ಟು ವರ್ಷದಲ್ಲಿ ಸರಿಹೋಗಬೇಕೆಂಬ ಗಡುವು ಇರಲಿ. ಅಳತೆಯ ಪೆಟ್ಟಿಗೆಯನ್ನು ಕಾಲೇಜಿನ ತಾರಸಿಯಿಂದ ಇಳಿಸಿ ಗುಜರಿ ಗಲ್ಲಿಯ ಬಾಯಿಗೆ, ಕಸದ ಬೆಟ್ಟದ ಬುಡಕ್ಕೆ, ಮಗುವಿನ ಮೂಗಿನ ಎತ್ತರಕ್ಕೆ ತರಲಿ. ಸೀಸದ ಫಲಿತಾಂಶ ಗಂಟೆಗೊಮ್ಮೆ ಬೇಡ, ತಿಂಗಳಿಗೊಮ್ಮೆಯಾದರೂ ಅದೇ ಫಲಕದ ಮೇಲೆ ಹಿಂದಿಯಲ್ಲಿ, ಆಯಾ ಊರಿನ ಭಾಷೆಯಲ್ಲಿ ಬರಲಿ. ಕೊನೆಯದಾಗಿ, ಅಂಗನವಾಡಿಯಲ್ಲಿ ಮಗುವನ್ನು ತೂಗುವ ಹಾಗೆಯೇ ಇಂಥ ಪ್ರದೇಶಗಳಲ್ಲಿ ರಕ್ತದ ಸೀಸವನ್ನೂ ನೋಡಲಿ. ಗಾಳಿಯ ಅಂಕಿ ಸುಳ್ಳು ಹೇಳಬಹುದು, ರಕ್ತ ಹೇಳುವುದಿಲ್ಲ.

೨೦೨೩ರ ಜೂನಿನಲ್ಲಿ ಮುಖರ್ಜಿ ನಗರದ ಕೋಚಿಂಗ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಹುಡುಗ ಹುಡುಗಿಯರು ಕಿಟಕಿಯಿಂದ ಹಗ್ಗ, ತಂತಿ ಹಿಡಿದು ಇಳಿದದ್ದನ್ನು ಇಡೀ ದೇಶ ನೋಡಿತು. ಬೆಂಕಿ ಕಣ್ಣಿಗೆ ಕಾಣುತ್ತದೆ, ಕ್ಯಾಮೆರಾಕ್ಕೆ ಸಿಗುತ್ತದೆ, ಮಾರನೆ ದಿನ ಅಧಿಕಾರಿ ಓಡಿ ಬರುತ್ತಾನೆ. ಸೀಸ ಹೀಗೆ ಉರಿದು ತೋರಿಸುವುದಿಲ್ಲ. ಅದಕ್ಕೆ ಕಣ್ಣು ಬೇಕಾದರೆ ಅಳತೆ ಬೇಕು, ಬಾಯಿ ಬೇಕಾದರೆ ನಾವು ಬೇಕು.

ಗೆಳೆಯರೇ, ನಮ್ಮಲ್ಲಿ ಕೆಲವರು ಇಲ್ಲಿಂದ ಪರೀಕ್ಷೆ ಪಾಸಾಗಿ ಕಲಬುರಗಿಗೋ ಚಾಮರಾಜನಗರಕ್ಕೋ ಸಾಹೇಬರಾಗಿ ಹೋಗುವವರು. ನಾಳೆ ನಿಮ್ಮ ಮೇಜಿನ ಮೇಲೆ ಮಾಲಿನ್ಯ ಮಂಡಳಿಯ ಒಂದು ವರದಿ ಬಂದು ಕೂರುತ್ತದೆ. 'ಸೀಸ: ಮಿತಿಯೊಳಗಿದೆ' ಎಂದು ಒಂದು ಸಾಲು ಇರುತ್ತದೆ. ಸಹಿ ಹಾಕುವ ಮುಂಚೆ ಎರಡೇ ಪ್ರಶ್ನೆ ಕೇಳಿ: ಯಾರ ಮಿತಿ? ಎಲ್ಲಿ ಅಳೆದದ್ದು? ಉಳಿದ ನಾವು ಬರೆಯೋಣ, ಜಗಳವಾಡೋಣ, ಮಾಹಿತಿ ಹಕ್ಕಿನ ಅರ್ಜಿ ಹಾಕಿ ನಮ್ಮ ಬಡಾವಣೆಯ ಸೀಸದ ಅಂಕಿ ತರಿಸೋಣ. ನನ್ನ ವಾದದಲ್ಲಿ ಹುರುಳಿಲ್ಲ ಎನ್ನುವವರು ಮುಂದಿನ ಸಂಚಿಕೆಗೆ ಬರೆಯಲಿ, ಉತ್ತರಿಸಲು ಸಿದ್ಧನಿದ್ದೇನೆ. ಹುರುಳಿದೆ ಎನ್ನುವವರು ಬರುವ ಭಾನುವಾರದ ಕೂಟಕ್ಕೆ ಬನ್ನಿ, ಅರ್ಜಿಯನ್ನು ಅಲ್ಲೇ ಕೂತು ಬರೆಯೋಣ.